ನೈಜೀರಿಯದ ಶುಶ್ರೂಷಾ ಮಾತೆ: ಕೋಫೊವೊರೊಲಾ ಪ್ರ್ಯಾಟ್

ವೈದ್ಯರು ರೋಗಿಯ ಮಂಚದ ಬಳಿ ನಿಲ್ಲುವುದು ಕೆಲವೇ ನಿಮಿಷಗಳ ಕಾಲ. ಉಳಿದ ಹಗಲು ರಾತ್ರಿಗಳಲ್ಲಿ ರೋಗಿಗೆ ಆಸರೆಯಾಗಿರುವವರು ದಾದಿಯರು. ಜ್ವರದ ಏರಿಳಿತ, ನಾಡಿಯ ಗತಿ, ಉಸಿರಿನ ತೊಡಕು, ಗಾಯದ ಬಣ್ಣ ಇವುಗಳಲ್ಲಿ ಕಾಣುವ ಸಣ್ಣ ಬದಲಾವಣೆಯನ್ನು ಬಹುಮಟ್ಟಿಗೆ ಮೊದಲು ಗುರುತಿಸುವ ಕಣ್ಣು ಅವರದು. ಬಂಧುಬಳಗವನ್ನು ಊರಿನಲ್ಲಿ ಬಿಟ್ಟು ಮಹಾನಗರದಲ್ಲಿ ನೆಲೆಸಿದ ಕುಟುಂಬಗಳಿಗೆ, ಮನೆಯವರೊಬ್ಬರು ಆಸ್ಪತ್ರೆ ಸೇರಿದಾಗ ಈ ಮಾತಿನ ಸತ್ಯ ಚೆನ್ನಾಗಿ ಮನವರಿಕೆಯಾಗುತ್ತದೆ. ಆದರೂ ಈ ವೃತ್ತಿಗೆ ಸಲ್ಲಬೇಕಾದ ಮನ್ನಣೆ ಎಲ್ಲಿಯೂ ಸುಲಭವಾಗಿ ಸಂದುದಲ್ಲ. ಪಶ್ಚಿಮ ಆಫ್ರಿಕದಲ್ಲಿ ಅದನ್ನು ದೊರಕಿಸಿಕೊಟ್ಟವರ ಸಾಲಿನಲ್ಲಿ ಅಗ್ರಗಣ್ಯರಾಗಿ ನಿಲ್ಲುವವರು ನೈಜೀರಿಯದ ಶ್ರೀಮತಿ ಕೋಫೊವೊರೊಲಾ ಅಬೇನಿ ಪ್ರ್ಯಾಟ್.

ತಡವಾಗಿ ಕೈಗೂಡಿದ ಆಸೆ

ಇವರು 1915ರಲ್ಲಿ ಲಾಗೋಸ್ ನಗರದಲ್ಲಿ ಜನಿಸಿದರು. ದಾದಿಯಾಗಬೇಕೆಂಬುದು ಎಳೆತನದ ಹಂಬಲ. ಆದರೆ ತಂದೆಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಮರ್ಯಾದಸ್ಥ ಮನೆತನದ ಹೆಣ್ಣುಮಗಳಿಗೆ ತಕ್ಕ ಕೆಲಸವಲ್ಲವೆಂಬ ಭಾವನೆ ಆ ಕಾಲದಲ್ಲಿ ಬಲವಾಗಿತ್ತು. ಮೇಲಿನ ಹುದ್ದೆಗಳೆಲ್ಲ ಆಂಗ್ಲ ಮಹಿಳೆಯರ ಕೈಯಲ್ಲಿದ್ದುವು. ಹಿರಿಯರ ಮಾತಿಗೆ ಮಣಿದು ಅವರು ಇಬಾದಾನ್ ನಗರದಲ್ಲಿ ಶಿಕ್ಷಕಿಯರ ತರಬೇತಿ ಪಡೆದು, ಲಾಗೋಸಿನ ಬಾಲಿಕೆಯರ ಶಾಲೆಯಲ್ಲಿ ಪಾಠ ಹೇಳಿದರು. 1941ರಲ್ಲಿ ಸರ್ಕಾರಿ ಸೇವೆಯಲ್ಲಿದ್ದ ಫಾರ್ಮಸಿಸ್ಟ್ ಒಬ್ಬರೊಡನೆ ವಿವಾಹವಾಯಿತು. ಮುಂದೆ ಅವರು ಇಬ್ಬರು ಗಂಡುಮಕ್ಕಳ ತಾಯಿಯಾದರು.

ಪತಿ ವೈದ್ಯಶಾಸ್ತ್ರ ಕಲಿಯಲು ಲಂಡನ್ನಿಗೆ ಹೋದಾಗ ಆಕೆಯ ಹಳೆಯ ಹಂಬಲವೂ ಚಿಗುರಿತು. 1946ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಅವರು ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಗೆ ಸೇರಿದರು. ಕ್ರಿಮಿಯ ಯುದ್ಧದ ಗಾಯಾಳುಗಳಿಗೆ ಶುಶ್ರೂಷೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲರ ಗೌರವಾರ್ಥ ಸಂಗ್ರಹವಾದ ನಿಧಿಯಿಂದ 1860ರಲ್ಲಿ ಆರಂಭವಾದ ಶಾಲೆ ಅದು.

ಪರದೇಶದ ಪರೀಕ್ಷೆ

ಕಲಿಕೆಯ ಕಷ್ಟಕ್ಕೆ ವರ್ಣಭೇದದ ನೋವೂ ಸೇರಿಕೊಂಡಿತು. ಕಪ್ಪು ಬಣ್ಣದ ದಾದಿ ತನ್ನನ್ನು ಮುಟ್ಟಕೂಡದೆಂದು ನಿರಾಕರಿಸಿದ ರೋಗಿಯನ್ನೂ ಅವರು ಕಂಡರು. ಆದರೂ ಕೈಹಿಡಿದ ಕೆಲಸವನ್ನು ಬಿಡಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ ತಿಂಗಳಲ್ಲಿ ಪ್ರಾರಂಭವಾದಾಗ ಅವರಿನ್ನೂ ವಿದ್ಯಾರ್ಥಿನಿ. ಆ ಸೇವೆಯಲ್ಲಿ ದುಡಿದ ಮೊದಲ ಕಪ್ಪು ದಾದಿಯೆಂದು ಅನೇಕರು ಅವರನ್ನು ಗುರುತಿಸುತ್ತಾರೆ. 1950ರಲ್ಲಿ ಅವರು ನೋಂದಾಯಿತ ದಾದಿಯಾದರು. ಬಳಿಕ ಪ್ರಸೂತಿ ಶುಶ್ರೂಷೆಯನ್ನೂ ಉಷ್ಣವಲಯದ ರೋಗಗಳನ್ನೂ ಅಭ್ಯಾಸ ಮಾಡಿದರು.

ತಾಯ್ನಾಡಿನ ಸೇವೆ

1954ರಲ್ಲಿ ಸ್ವದೇಶಕ್ಕೆ ಮರಳಿದಾಗ ಅಲ್ಲಿಯೂ ಬಾಗಿಲುಗಳು ತೆರೆದಿರಲಿಲ್ಲ. ವಾರ್ಡ್ ಸಿಸ್ಟರ್ ಹುದ್ದೆಗಳನ್ನೂ ಬ್ರಿಟಿಷರಿಗೆ ಮೀಸಲಿಡುವ ಪದ್ಧತಿ ಆಗ ಇತ್ತು. ಲಂಡನ್ನಿನ ಅರ್ಹತಾಪತ್ರ ಕೈಯಲ್ಲಿದ್ದರೂ ತನ್ನ ನೆಲದಲ್ಲಿಯೇ ಪರಕೀಯಳಾಗಿ ನಿಲ್ಲುವ ಪರಿಸ್ಥಿತಿ. ಅವರು ಇಬಾದಾನಿನ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ನೈಜೀರಿಯ 1960ರ ಅಕ್ಟೋಬರ್ 1ರಂದು ಸ್ವತಂತ್ರವಾಯಿತು. ಅದೇ ದಶಕದ ನಡುವಿನಲ್ಲಿ ಅವರು ಆ ಆಸ್ಪತ್ರೆಯ ಮೊದಲ ನೈಜೀರಿಯನ್ ಮೇಟ್ರನ್ ಆದರು. ಅನಂತರ ದೇಶದ ಮುಖ್ಯ ಶುಶ್ರೂಷಾಧಿಕಾರಿಯ ಸ್ಥಾನವನ್ನೂ ಅಲಂಕರಿಸಿದರು.

ಈ ಬದಲಾವಣೆಯನ್ನು ಕೇವಲ ಹುದ್ದೆಯ ಲೆಕ್ಕದಲ್ಲಿ ಅಳೆಯಲಾಗದು. ನೋವು ಎಲ್ಲಿ, ಹೇಗೆ ಎಂಬುದನ್ನು ರೋಗಿಯು ತನ್ನ ತಾಯ್ನುಡಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಬೇರೆ ಭಾಷೆಯಲ್ಲಿ ಹೇಳಲಾರನು. ಇಬಾದಾನ್ ಯೊರುಬಾ ಭಾಷಿಕರ ನಗರ. ಅಲ್ಲಿನ ರೋಗಿಯ ಮಾತನ್ನು ಅದೇ ಮಾತಿನಲ್ಲಿ ಕೇಳಿಸಿಕೊಳ್ಳುವವರೇ ವಾರ್ಡಿನ ಹೊಣೆ ಹೊತ್ತರೆ ಚಿಕಿತ್ಸೆಗೂ ಧೈರ್ಯಕ್ಕೂ ಎಷ್ಟು ಸಹಾಯವೆಂಬುದನ್ನು, ಪರಭಾಷೆಯ ಊರಿನಲ್ಲಿ ಒಮ್ಮೆಯಾದರೂ ಕಾಯಿಲೆ ಮಲಗಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಬಾದಾನ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಶುಶ್ರೂಷಾ ವಿಭಾಗ ಆರಂಭವಾಗುವಲ್ಲಿಯೂ ಶ್ರೀಮತಿ ಪ್ರ್ಯಾಟ್ ಅವರ ಶ್ರಮವಿದೆ. ಹೇಳಿದ ಕೆಲಸವನ್ನಷ್ಟೇ ಮಾಡುವ ಕೈಯೆಂದು ಭಾವಿಸಲಾಗಿದ್ದ ದಾದಿಗೆ ಪದವಿಯ ವಿದ್ಯೆ, ಅದರೊಡನೆ ಬೋಧಿಸುವ, ಆಡಳಿತ ನಡೆಸುವ ಅವಕಾಶ ದೊರೆಯಲು ಹೀಗೆ ದಾರಿಯಾಯಿತು.

ತಾಯಿಯೆಂಬ ಬಿರುದು

ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು ದಾದಿಯರಿಗೆ ನೀಡುವ ಅತ್ಯುಚ್ಚ ಗೌರವವಾದ ಫ್ಲಾರೆನ್ಸ್ ನೈಟಿಂಗೇಲ್ ಪದಕ 1973ರಲ್ಲಿ ಅವರಿಗೆ ಸಂದಿತು. ಲಾಗೋಸ್ ರಾಜ್ಯದ ಆರೋಗ್ಯ ಖಾತೆಯ ಹೊಣೆಯನ್ನೂ ಅವರು ಕೆಲಕಾಲ ನಿರ್ವಹಿಸಿದರು. 1979ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅವರನ್ನು ಫೆಲೋ ಆಗಿ ಆರಿಸಿತು. ಒಂದು ಕಾಲಕ್ಕೆ ಅವರ ಕೈಯ ಆರೈಕೆ ಬೇಡವೆಂದವರಿದ್ದ ನಾಡೇ ಹೀಗೆ ಅವರನ್ನು ಗೌರವಿಸಿತು. ಸ್ವದೇಶದ ಇಶೇರಿ ಎಂಬ ಊರು ಕೊಟ್ಟ ಪರಂಪರಾಗತ ಬಿರುದಿನ ಮೊದಲ ಪದ ‘ಇಯಾ’. ಯೊರುಬಾ ಭಾಷೆಯಲ್ಲಿ ಇದಕ್ಕೆ ತಾಯಿ ಎಂದರ್ಥ. 1992ರಲ್ಲಿ ಅವರು ಕಾಲವಶರಾದರು.

ಇಬ್ಬರು ಮಕ್ಕಳ ತಾಯಿಯಾಗಿದ್ದವರ ಮನೆ ಹೀಗೆ ಬಹು ದೊಡ್ಡದಾಯಿತು. ಆಸ್ಪತ್ರೆಯಲ್ಲಿ ದಾದಿಯರನ್ನು ಬಾಯ್ತುಂಬ ಹರಸುವ ಎಷ್ಟೋ ಮನೆಗಳು, ತಮ್ಮ ಮಗಳೇ ಆ ವೃತ್ತಿಯನ್ನು ಬಯಸಿದಾಗ ಹಿಂದೆಗೆಯುತ್ತವೆ. ಲಾಗೋಸಿನ ಆ ತಂದೆಯೂ ಒಮ್ಮೆ ಹಾಗೆಯೇ ಹಿಂದೆಗೆದರು. ಮಗಳು ಹಲವು ವರ್ಷ ಕಾದು, ಕಡಲು ದಾಟಿ, ತಾನು ಬಯಸಿದ ಸಮವಸ್ತ್ರವನ್ನು ಧರಿಸಿದರು. ಎಲ್ಲ ಹೆಣ್ಣುಮಕ್ಕಳಿಗೂ ಅಷ್ಟು ದೀರ್ಘವಾಗಿ ಕಾಯುವ ಶಕ್ತಿ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಕೇಳಿದಂದೇ ಮನೆಯ ಹಿರಿಯರು ಹೂಂ ಎಂದರೆ ಸಾಕು.