ಹಳೇ ಇಂಜಿನ್ನಿನ ಹಲ್ಲು ನೋಡಿ ಕೊಳ್ಳಿರಿ

ಹಾಳಿ-ಹಂಡರಗುಳಿಯ ದನದ ಸಂತೆಯಲ್ಲಿ ಎತ್ತು ಕೊಳ್ಳಹೋದ ಒಕ್ಕಲಿಗನು ಏನೇನು ಮಾಡುವನೆಂಬುದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುವನು, ಸುಳಿ ನೋಡುವನು, ಗೊರಸು ಎತ್ತಿ ನೋಡುವನು, ನಾಲ್ಕು ಹೆಜ್ಜೆ ನಡೆಸುವನು. ಇಷ್ಟಾದ ಮೇಲೂ ಮಾರುವವನ ಊರು-ಕೇರಿ ವಿಚಾರಿಸಿ, ಪಾವತಿ ಬರೆಸಿಕೊಂಡು, ಆಮೇಲೆ ರೊಕ್ಕ ಎಣಿಸುವನು. ಅದೇ ಒಕ್ಕಲಿಗನು ಇಂದು ಅಂಗೈಯಲ್ಲಿಯ ಮೊಬೈಲಿನಲ್ಲಿ ನಾಲ್ಕು ಚಿತ್ರ ನೋಡಿ, ಕಾಣದ ಇಂಜಿನ್ನಿನ ಸಲುವಾಗಿ ಕಾಣದ ಮನುಷ್ಯನಿಗೆ ಕುಳಿತಲ್ಲಿಂದಲೇ ಹಣ ಕಳಿಸುತ್ತಾನೆ. ಪರರನ್ನೇಕೆ ಅನ್ನಬೇಕು, ನಾವೇ ಹಾಗೆ ಮಾಡಿದೆವು. ಮಾಸ್ತರಕಿ ಮಾಡುವ ನಮಗೆ ಓದು-ಬರಹವಿತ್ತು. ಬುದ್ಧಿ ಇರಲಿಲ್ಲವೆಂದು ಮನೆಯಲ್ಲಿ ಅಂದರೆ ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಹಳೇ ಫಟಫಟಿಯ ಇಂಜಿನ್ನು ಒಕ್ಕಲಿಗನಿಗೇಕೆ ಬೇಕು ಎಂದು ಪಟ್ಟಣದವರು ಕೇಳಬಹುದು. ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಸೋಯಾಬೀನ, ತೊಗರಿಗಳೇ ಮಳೆಗಾಲದ ಮುಖ್ಯ ಬೆಳೆ. ಮಳೆ ತೆರಪು ಕೊಟ್ಟ ನಾಲ್ಕಾರು ದಿನಗಳಲ್ಲಿ ಎಡೆ ಹೊಡೆದು ಮುಗಿಸದಿದ್ದರೆ ಕರಿಯ ನೆಲದಲ್ಲಿ ಕಸವೇ ಬೆಳೆಯಾಗುವದು. ಸಣ್ಣ ಹಿಡುವಳಿಯವನಿಗೆ ವರ್ಷವಿಡೀ ಜೋಡಿ ಎತ್ತು ಸಾಕುವದು ಹೊರೆ. ಟ್ರ್ಯಾಕ್ಟರು ಸಾಲಿನೊಳಗೆ ಹೋಗದು. ಗುಜರಾತದ ಅಮರೇಲಿ ಜಿಲ್ಲೆಯ ಮನಸುಖಭಾಯಿ ಜಗಾಣಿಯವರು 1994ರಲ್ಲಿ ಬುಲೆಟ್ ಮೋಟರಸೈಕಲ್ಲಿನ ಹಿಂದಿನ ಗಾಲಿಯ ಜಾಗದಲ್ಲಿ ಎರಡು ಗಾಲಿ ಮತ್ತು ಕುಂಟಿ ಕಟ್ಟುವ ಚೌಕಟ್ಟು ಜೋಡಿಸಿ ‘ಬುಲೆಟ್ ಸಾಂತಿ’ ಎಂಬ ಸಾಧನವನ್ನು ಮಾಡಿದರು. ಅಂಥದೇ ಒಂದು ಎಡೆಕುಂಟಿಯನ್ನು ನಾವೂ ಮಾಡಿಸಬೇಕೆಂದು ಮನಸ್ಸು ಮಾಡಿದೆವು.

2024ರ ಜೂನ ಕೊನೆಯಲ್ಲಿ ಹಳೇ 100 ಸಿ.ಸಿ. ವರ್ಗದ ಇಂಜಿನ್ನೊಂದರ ಜಾಹೀರಾತು ಮೊಬೈಲಿನಲ್ಲಿ ಕಂಡಿತು. ಚಿತ್ರದಲ್ಲಿ ಇಂಜಿನ್ನು ಬೆಳ್ಳಿಯಂತೆ ಹೊಳೆಯುತ್ತಿತ್ತು. ಫೋನು ಮಾಡಿದರೆ ಆ ಕಡೆಯ ಮನುಷ್ಯನು ನಮ್ಮ ಸೀಮೆಯ ಅಚ್ಚ ಕನ್ನಡದಲ್ಲಿ, “ಯಾವೂರ್ರೀ ಅಣ್ಣಾರ?” ಎಂದನು. ತಾನು ಹುಮನಾಬಾದ ಕಡೆಯವನೆಂದನು. ನಿಲಂಗಾ, ಉದಗೀರಗಳು 1956ರ ವರೆಗೆ ಬೀದರ ಜಿಲ್ಲೆಯೊಳಗೇ ಇದ್ದವು; ಗಡಿ ಸರಿದರೂ ನಮ್ಮ ನೆಂಟಸ್ತಿಕೆ ಸರಿದಿಲ್ಲ. ಕಚೇರಿಯಲ್ಲಿ, ಪೇಟೆಯಲ್ಲಿ ದಿನವೆಲ್ಲ ಮರಾಠಿ ಆಡುವ ನಮಗೆ ಕನ್ನಡ ಕಿವಿಗೆ ಬಿದ್ದ ಕೂಡಲೇ ಮನಸ್ಸು ಮೆತ್ತಗಾಯಿತು. ಗಾಡಿಯ ಕಾಗದ ಎಲ್ಲಿ ಎಂದು ಕೇಳುವದನ್ನು ಬಿಟ್ಟು ಮಳೆ-ಬೆಳೆಯ ಮಾತು ಆಡಿದೆವು. ಮೊದಲು 500, ಆ ಮೇಲೆ 3,000, ಲಾರಿಗೆ ಹಾಕಿದೆನೆಂದು ಚಿತ್ರ ಕಳಿಸಿದ ಮೇಲೆ ಮತ್ತೆ 3,000, ಹೀಗೆ 6,500 ರೂಪಾಯಿ ಕೊಟ್ಟೆವು.

ಎಂಟು ದಿನಕ್ಕೆ, ಪುಣೆ-ಹೈದರಾಬಾದ ಹೆದ್ದಾರಿಯ ಮೇಲಿರುವ ಉಮರ್ಗಾಕ್ಕೆ ಗೋಣಿಚೀಲ ಸುತ್ತಿದ ಗಂಟು ಬಂದಿತು. ಬಿಚ್ಚಿದರೆ ಎಣ್ಣೆ-ಮಣ್ಣಿನ ಜಿಡ್ಡಿನ ಮೇಲೆಯೇ ಬೆಳ್ಳಿಬಣ್ಣ ಬಳಿದಿತ್ತು. ಉಗುರು ತಾಗಿಸಿದರೆ ಹೊಪ್ಪಳಿಕೆ ಏಳುತ್ತಿತ್ತು. ಕಿಕ್ ಒತ್ತಿದರೆ ಏನೂ ತಡೆಯಿಲ್ಲದೆ ನೆಲಕ್ಕೆ ಹೋಗುತ್ತಿತ್ತು. ಫೋನು ಮಾಡಿದೆವು, ಆ ನಂಬರು ಬಂದಾಗಿತ್ತು. ಭಾವನವರ ಪರಿಚಯದ ಮಿಸ್ತ್ರಿಯೊಬ್ಬನು ಉದಗೀರದಲ್ಲಿದ್ದನು, ಅವನಲ್ಲಿಗೆ ಒಯ್ದೆವು. ಅವನು ಪಾನಾ ಕೈಗೆ ತೆಗೆದುಕೊಳ್ಳದೆ, ಚಿಂದಿಯಿಂದ ಇಂಜಿನ್ನಿನ ಕೆಳಭಾಗವನ್ನು ಒರಸಿ, “ಗುರೂಜಿ, ಇದನ್ನ ನಾ ಬಿಚ್ಚಂಗಿಲ್ರಿ. ನಂಬರ ಎಲ್ಲೈತಿ ನೋಡ್ರಿ” ಎಂದನು. ನಂಬರು ಇರಬೇಕಾದಲ್ಲಿ ಕಾನಸಿನಿಂದ ತಿಕ್ಕಿ ನಯಮಾಡಿದ ಗುರುತು ಮಾತ್ರ ಇತ್ತು.

ಇಲ್ಲಿ ಸ್ವಲ್ಪ ನಿಲ್ಲುವದು ಅವಶ್ಯ. ಪ್ರತಿ ಮೋಟರಸೈಕಲ್ಲಿಗೆ ಎರಡು ಗುರುತುಗಳಿರುತ್ತವೆ: ಚೌಕಟ್ಟಿನ ಮೇಲೆ ಚಾಸಿ ನಂಬರು, ಇಂಜಿನ್ನಿನ ಕೆಳಕೋಶದ ಮೇಲೆ ಇಂಜಿನ್ ನಂಬರು. ಇವೆರಡೂ ಗಾಡಿಯ ಆರ್‌ಸಿ ಪುಸ್ತಕದಲ್ಲಿ ಬರೆದಿರುತ್ತವೆ. ಹೊಲಕ್ಕೆ ಸಾತಬಾರಾ ಹೇಗೋ ಇಂಜಿನ್ನಿಗೆ ಈ ನಂಬರು ಹಾಗೆ. ನಂಬರು ತಿಕ್ಕಿದ ಇಂಜಿನ್ನು ಬಹುಮಟ್ಟಿಗೆ ಕಳುವಿನ ಗಾಡಿಯದೇ ಎಂದು ತಿಳಿಯಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ, ಕಳುವಿನದೆಂದು ತಿಳಿದು, ಅಥವಾ ಹಾಗೆ ತಿಳಿಯಲು ಕಾರಣವಿದ್ದೂ ಅಪ್ರಾಮಾಣಿಕತನದಿಂದ ಮಾಲು ಇಟ್ಟುಕೊಂಡವನಿಗೆ ಮೂರು ವರ್ಷಗಳ ವರೆಗೆ ಸಜೆಯಾಗಬಹುದು. ಹಿಂದಿನ ದಂಡಸಂಹಿತೆಯಲ್ಲಿಯೂ 411ನೆಯ ಕಲಮು ಇದನ್ನೇ ಹೇಳುತ್ತಿತ್ತು. ನಂಬರು ತಿಕ್ಕಿದ್ದನ್ನು ನೋಡಿದ ಮೇಲೂ ಸುಮ್ಮನಿದ್ದರೆ ‘ಕಾರಣ’ ನಮ್ಮ ಕಣ್ಣೆದುರಿಗೇ ಇದ್ದಂತಾಯಿತು.

ಇದು ದೊಡ್ಡ ವ್ಯಾಪಾರ. ಉತ್ತರಪ್ರದೇಶದ ಮೀರತ್ ಪಟ್ಟಣದಲ್ಲಿ ಸೋತಿಗಂಜ ಎಂಬ ಪೇಟೆಯೇ ಕಳುವಿನ ಗಾಡಿಗಳನ್ನು ಬಿಚ್ಚಿ ಬಿಡಿಭಾಗ ಮಾರುವದಕ್ಕೆ ಹೆಸರಾಗಿತ್ತು. 2021ರ ಡಿಸೆಂಬರದಲ್ಲಿ ಪೋಲೀಸರು ಅದನ್ನು ಮುಚ್ಚಿಸಿದರು. ಹಳೇ ಭಾಗ ಮಾರುವವರೆಲ್ಲರೂ ಕಳ್ಳರೆಂದು ನಾವು ಹೇಳುವದಿಲ್ಲ. ಪ್ರಾಮಾಣಿಕನು ಮುರಿದ ಗಾಡಿಯ ಆರ್‌ಸಿ ಪ್ರತಿ, ತನ್ನ ಗುರುತಿನ ಕಾಗದ, ನಂಬರು ಬರೆದ ಬಿಲ್ಲು ಕೊಡಲು ಹಿಂಜರಿಯನು. ಮೋಡಕೆಗೆ ಹಾಕಿದ ಗಾಡಿಯಾದರೆ, ಸರಕಾರದ ನೋಂದಣಿ ಪಡೆದ ಮೋಡಕೆ ಕೇಂದ್ರವು ಕೊಟ್ಟ ಪ್ರಮಾಣಪತ್ರವಿರುತ್ತದೆ. ಇಂಜಿನ್ನನ್ನು ಕುಂಟಿಗೆ ಹಾಕದೆ ರಸ್ತೆಯ ಗಾಡಿಗೇ ಹಾಕುವವರು ಆರ್‌ಟಿಓ ಕಚೇರಿಯಲ್ಲಿ ಹೊಸ ನಂಬರನ್ನು ದಾಖಲು ಮಾಡಿಸಲೇಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುವರು.

ಇನ್ನು ಇಂಜಿನ್ನಿನ ಹಲ್ಲು ನೋಡುವ ಮಾತು. ಆ ಮಿಸ್ತ್ರಿಯು ತನ್ನ ಅಂಗಡಿಯಲ್ಲಿದ್ದ ಬೇರೊಂದು ಇಂಜಿನ್ನನ್ನು ಮುಂದಿಟ್ಟುಕೊಂಡು ನಮಗೇ ಪಾಠ ಹೇಳಿದನು. ಚಾಲು ಮಾಡುವ ಮೊದಲು ಸಿಲಿಂಡರಿನ ಪಟ್ಟಿಗಳನ್ನು ಮುಟ್ಟಬೇಕು. ಬಿಸಿಯಿದ್ದರೆ ಮಾರುವವನು ಮೊದಲೇ ಓಡಿಸಿಟ್ಟಿದ್ದಾನೆ. ತಣ್ಣಗಿದ್ದಾಗ ಎದ್ದರೇ ಇಂಜಿನ್ನು ನೆಟ್ಟಗಿರುವದು. ಕಿಕ್ಕನ್ನು ಕೈಯಿಂದ ಮೆಲ್ಲಗೆ ಒತ್ತಿದರೆ ಒಂದು ಕಡೆಗೆ ಗಟ್ಟಿಯಾಗಿ ತಡೆಯಬೇಕು. ತಡೆಯದಿದ್ದರೆ ರಿಂಗು ಇಲ್ಲವೆ ವಾಲ್ವು ಹೋಗಿದೆ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಕೆಲವರು ಹೊಗೆ, ಸದ್ದು ಅಡಗಲೆಂದು ಅತಿ ಮಂದವಾದ ಎಣ್ಣೆ ಸುರಿದಿರುತ್ತಾರೆ. ಅದರ ಸಲುವಾಗಿ ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆಯನ್ನು ಬಿಳೀ ಬಟ್ಟೆಯ ಮೇಲೆ ಬಿಡಬೇಕು. ಮಿನುಗುವ ಲೋಹದ ಪುಡಿ ಕಂಡರೆ ಒಳಗೆ ಯಾವುದೋ ಭಾಗ ಸವೆಯುತ್ತಿದೆ.

ಬೋರ್ ಮಾಡಿಸಿದ ಲೆಕ್ಕವನ್ನೂ ಕೇಳಬೇಕು. ಸವೆದ ಸಿಲಿಂಡರನ್ನು ಕೊರೆದು 0.25, 0.50, 0.75, ಕೊನೆಗೆ 1.00 ಮಿಲಿಮೀಟರ ದೊಡ್ಡ ಪಿಸ್ಟನ್ ಹಾಕುವದು ರೂಢಿ. ಕೊನೆಯ ಅಳತೆಗೆ ಬಂದ ಇಂಜಿನ್ನು ಹಲ್ಲುದುರಿದ ಎತ್ತಿನಂತೆ. ಮುಂದೆ ಸ್ಲೀವನ್ನೇ ಬದಲಿಸಬೇಕು. ಅಳತೆಯು ಪಿಸ್ಟನ್ನಿನ ತಲೆಯ ಮೇಲೆ ಒತ್ತಿರುತ್ತದೆ, ಆದರೆ ಮೇಲಿನ ಹೆಡ್ಡು ಬಿಚ್ಚಿದ ಹೊರತು ಕಾಣುವದಿಲ್ಲ. ಮೊಬೈಲಿನ ಚಿತ್ರದಲ್ಲಿ ಇದು ಬರುವದೆಂತು?

2020ರ ಏಪ್ರಿಲದಿಂದೀಚೆಗೆ ಮಾರಿದ ಬಿಎಸ್-6 ಗಾಡಿಗಳ ಇಂಜಿನ್ನು ಕೊಳ್ಳುವವರಿಗೆ ಬೇರೊಂದು ತೊಡಕಿದೆ. ಸಾಮಾನ್ಯವಾಗಿ ಅವುಗಳಲ್ಲಿ ಹಳೇ ಕಾರ್ಬ್ಯುರೇಟರು ಇಲ್ಲ. ಪೆಟ್ರೋಲನ್ನು ವಿದ್ಯುತ್ ಪೆಟ್ಟಿಗೆಯ ಅಪ್ಪಣೆಯಂತೆ ಇಂಜೆಕ್ಟರು ಸಿಂಪಡಿಸುತ್ತದೆ. ಆ ಪೆಟ್ಟಿಗೆ, ಸೆನ್ಸರು, ತಂತಿಗಳ ಜಾಲ ಇಲ್ಲದೆ ಬರಿಯ ಇಂಜಿನ್ನು ತಂದರೆ ಅದು ಕಬ್ಬಿಣದ ತೂಕವಷ್ಟೇ. ಇದಲ್ಲದೆ ಫಟಫಟಿಯ ಇಂಜಿನ್ನು ಓಡುವಾಗ ಬೀಸುವ ಗಾಳಿಯಿಂದ ತಣಿಯುವಂಥದು. ಎಡೆಸಾಲಿನಲ್ಲಿ ನಡಿಗೆಯ ವೇಗದಲ್ಲಿ ಆ ಗಾಳಿ ಸಿಗುವದಿಲ್ಲ. ಒಳ್ಳೆಯ ಇಂಜಿನ್ನಾದರೂ ಫ್ಯಾನು ಕೂಡಿಸದೆ ದಿನವೆಲ್ಲ ದುಡಿಸಿದರೆ ಪಿಸ್ಟನ್ ಹಿಡಿಯುವದು. ನೆಟ್ಟಗಿದ್ದ ಇಂಜಿನ್ನುಗಳೂ ಹೀಗೆ ಕೆಟ್ಟಿವೆ. ಆಗ ಮಾತ್ರ ಮಾರಿದವನನ್ನು ಬೈಯುವದು ನ್ಯಾಯವಲ್ಲ.

ನಮಗೆ ಕೆಟ್ಟದ್ದಾದರೂ ಒಂದು ಇಂಜಿನ್ನು ಬಂದಿತು. ನಮ್ಮ ಊರಿನ ಒಬ್ಬ ತರುಣನಿಗೆ ಅದೂ ಬರಲಿಲ್ಲ. ಮಾರುವವನು ತಾನು ಸೈನ್ಯದಲ್ಲಿರುವೆನೆಂದೂ ಬದಲಿಯಾದ್ದರಿಂದ ಅಗ್ಗಕ್ಕೆ ಕೊಡುವೆನೆಂದೂ ಹೇಳಿ ಮುಂಗಡ ತಿಂದನು. ಸಂಶಯಪಟ್ಟು ಹಣ ತಿರುಗಿ ಕೇಳಿದಾಗ ಕ್ಯೂಆರ್ ಚಿತ್ರವೊಂದನ್ನು ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುವದೆಂದನು. ಒತ್ತಿದ ಕೂಡಲೇ ಇದ್ದದ್ದೂ ಹೋಯಿತು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತುವ ಕಾರಣವೇ ಇಲ್ಲ. ಇಂಥ ಮೋಸವಾದ ಕೂಡಲೇ 1930ಕ್ಕೆ ಫೋನು ಮಾಡಬೇಕು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಜಾರುವ ಮೊದಲೇ ತಿಳಿಸಿದರೆ ಬ್ಯಾಂಕಿನವರು ಅದನ್ನು ತಡೆಹಿಡಿಯುವ ಸಂಭವವಿರುತ್ತದೆ. ಆ ತರುಣನು ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಲಿಲ್ಲ.

ನಾವು ಲಾರಿಯವರ ಪಾವತಿ, ಹಣ ಕಳಿಸಿದ ದಾಖಲೆಗಳೊಂದಿಗೆ ಇಂಜಿನ್ನನ್ನು ಪೋಲೀಸ ಠಾಣೆಗೆ ಒಪ್ಪಿಸಿ, ಮರಾಠಿಯಲ್ಲಿ ಅರ್ಜಿ ಬರೆದು ಪೋಹೋಚ ಪಡೆದೆವು. ಹಣ ಬಂದಿಲ್ಲ. ಆ ಸಲದ ಎಡೆಯನ್ನು ಬಾಡಿಗೆ ಎತ್ತಿನಿಂದ, ಹತ್ತು ದಿನ ತಡವಾಗಿ ಹೊಡೆಸಿದೆವು. ಅಷ್ಟರಲ್ಲಿ ಕಸ ಮೊಳಕಾಲಿಗೆ ಬಂದಿತ್ತು. ಮರುವರ್ಷ ಅದೇ ಮಿಸ್ತ್ರಿಯನ್ನು ಕರಕೊಂಡು ಲಾತೂರಿಗೆ ಹೋಗಿ, ತಣ್ಣಗಿದ್ದ ಇಂಜಿನ್ನನ್ನು ನಮ್ಮ ಎದುರಿಗೇ ಚಾಲು ಮಾಡಿಸಿ ಕೊಂಡೆವು. ಹಿಂದಿನದಕ್ಕಿಂತ 3,000 ರೂಪಾಯಿ ಹೆಚ್ಚು ಬಿದ್ದಿತು, ಮಿಸ್ತ್ರಿಯ ಕೂಲಿ ಬೇರೆ. ಅದರ ಬಿಲ್ಲು ಮತ್ತು ಆರ್‌ಸಿ ಪ್ರತಿ ಟ್ರಂಕಿನಲ್ಲಿ ಸಾತಬಾರಾ ಕಾಗದಗಳ ಜೊತೆಗಿವೆ.