ಹುಬ್ಬತಲೈನ ಸೊಸೈಟಿ, ನಮ್ಮ ವಾಟ್ಸಪ್ ಗುಂಪು

ಕೋಲಾರ ಸೀಮೆಯಿಂದ ಮೇಟ್ಟುಪಾಳಯದ ಮಂಡಿಗೆ ಉರ್ಲಗಡ್ಡೆ ಲೋಡು ಹಾಕುವವರಿಗೆ ನೀಲಗಿರಿಯ ಬಡಗರು ಹೊಸಬರಲ್ಲ. ಅವರ ಮೂಟೆ, ನಮ್ಮ ಮೂಟೆ ಅದೇ ಮಂಡಿ ಬೀದಿಯಲ್ಲಿ ಇಳೀತವೆ. ‘ಬಡಗ’ ಅಂದರೆ ನಮ್ಮ ಕನ್ನಡದಲ್ಲೇ ಉತ್ತರ ದಿಕ್ಕು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಅಂತ ಅವರೇ ಹೇಳ್ತಾರೆ. ಅವರ ಮಾತು ನಮ್ಮ ಕಿವಿಗೆ ಅರ್ಧ ಸಿಕ್ಕಿ ಅರ್ಧ ಜಾರುತ್ತದೆ. ಊರಿಗೆ ‘ಹಟ್ಟಿ’ ಅಂತಾರೆ, ನಮ್ಮ ಗೊಲ್ಲರಹಟ್ಟಿಯ ಹಾಗೆ.

ಕೂನೂರಿನ ಹತ್ತಿರದ ಹುಬ್ಬತಲೈ ಅಂಥ ಒಂದು ಹಟ್ಟಿ. ಈ ಊರಿನ ರಾವ್ ಬಹದ್ದೂರ್ ಆರಿ ಗೌಡರ್ 1935ರಲ್ಲಿ ನೀಲಗಿರಿ ಸಹಕಾರ ಮಾರಾಟ ಸಂಘ ಕಟ್ಟಿದರು. ಬೆಟ್ಟದ ರೈತ ಒಬ್ಬೊಬ್ಬನೇ ಇಳಿದು ದಲ್ಲಾಳಿ ಹೇಳಿದ ರೇಟಿಗೆ ಮಾರೋದು ತಪ್ಪಲಿ, ಎಲ್ಲರ ಮಾಲೂ ಒಂದೇ ಹರಾಜಿಗೆ ಬರಲಿ ಅನ್ನೋದು ಅದರ ಸಾರ. ಇವತ್ತಿಗೂ ಮೇಟ್ಟುಪಾಳಯದಲ್ಲಿ ಸಂಘದ ಹರಾಜು ನಡೆಯುತ್ತದೆ.

ಈಗ ಬೆಟ್ಟದಲ್ಲೂ ನಮ್ಮಲ್ಲೂ ಷೇರು ಹಣ ಕೇಳದ ಇನ್ನೊಂದು ಸಂಘ ಬಂದಿದೆ: ವಾಟ್ಸಪ್ ಗುಂಪು. ಇದರಿಂದ ರೈತನಿಗೆ ಏನು ದಕ್ಕಿತು ಅಂತ ಕೇಳಿದರೆ, ಅದು ಬೆಳೆಯ ಮೇಲೆ ನಿಂತಿದೆ ಅಂತೀನಿ. ಉರ್ಲಗಡ್ಡೆಗೆ ಲಾಭವಾಯಿತು. ಬೆಳಗಿನ ರೇಟು ಫೋನಿಗೆ ಬಂದಾಗ ಗೆಡ್ಡೆ ಇನ್ನೂ ಮಣ್ಣಿನಲ್ಲೇ ಇರ್ತದೆ. ರೇಟು ಬಿದ್ದಿದ್ದರೆ ನಾಲ್ಕು ದಿನ ತಡೆದು ಕೀಳಬಹುದು.

ಟೀ ಎಲೆ ಹಾಗಲ್ಲ. ಕಿತ್ತ ಎಲೆ ಆ ದಿನವೇ ಕಾರ್ಖಾನೆ ಸೇರಬೇಕು, ಇಲ್ಲದಿದ್ದರೆ ಬಿಸಿಯಾಗಿ ಕೆಂಪಗಾಗುತ್ತದೆ. ಕೂನೂರಿನ ಹರಾಜಿನಲ್ಲಿ ಟೀ ಪುಡಿ ಎಷ್ಟಕ್ಕೆ ಹೋಯಿತು, ಚಹಾ ಮಂಡಳಿ ಹಸಿರೆಲೆಗೆ ಆ ತಿಂಗಳ ಸರಾಸರಿ ದರ ಎಷ್ಟು ಹಾಕಿತು, ಎಲ್ಲ ಫೋನಿನಲ್ಲಿ ಸಿಗುತ್ತದೆ. ಸಿಕ್ಕಿ ಏನು ಮಾಡೋದು? ಚೀಲ ಹೊತ್ತವನು ಸಂಜೆಯೊಳಗೆ ಹಾಕಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಕೋತಗಿರಿ ಕಡೆ ಸಣ್ಣ ಬೆಳೆಗಾರರು ಬೆಂಬಲ ಬೆಲೆ ಕೇಳಿ ಉಪವಾಸ ಕೂತರಲ್ಲ, ರೇಟು ಗೊತ್ತಿಲ್ಲದೆ ಕೂತವರಲ್ಲ ಅವರು. ನಮ್ಮ ಟೊಮೆಟೊದ್ದೂ ಇದೇ ಪಾಡು. ಆರಿ ಗೌಡರ ಸಂಘ ಮಾಲನ್ನು ಒಟ್ಟು ಮಾಡುತ್ತಿತ್ತು. ನಮ್ಮ ಗುಂಪು ಸುದ್ದಿಯನ್ನು ಮಾತ್ರ ಒಟ್ಟು ಮಾಡುತ್ತದೆ.

ಇನ್ನು ಸ್ಕೂಲಿನ ಮಾತು. 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದಾಗ ಪಾಠವೆಲ್ಲ ಫೋನಿಗೆ ಬಂತು. ಸಿಗ್ನಲ್ ಹುಡುಕಿಕೊಂಡು ನಮ್ಮೂರ ಮಕ್ಕಳು ನೀರಿನ ಟ್ಯಾಂಕು ಹತ್ತಿದರು. ಅಷ್ಟಾದರೂ ಸಿಕ್ಕಿತಲ್ಲ ಅಂತ ಮೇಷ್ಟ್ರಿಗೆ ಕೈ ಮುಗಿಯಬೇಕು. ಆದರೆ ಸ್ಕೂಲು ತೆರೆದ ಮೇಲೂ ಫೋನು ಮಕ್ಕಳ ಕೈ ಬಿಡಲಿಲ್ಲ. ಒಬ್ಬ ಲೆಕ್ಕ ಮಾಡಿ ಫೋಟೋ ಹಾಕಿದರೆ ಮೂವತ್ತು ಮಂದಿ ಇಳಿಸಿಕೊಳ್ತಾರೆ. ನಮ್ಮ ಕಡೆಯ ಒಂದು ಸ್ಕೂಲಿನಲ್ಲಿ ಪರೀಕ್ಷೆಯ ಮಾರ್ಕ್ಸ್ ಪಟ್ಟಿಯನ್ನೇ ಅಪ್ಪ ಅಮ್ಮಂದಿರ ಗುಂಪಿಗೆ ಹಾಕಿದರು. ಕಡೆಯ ಹೆಸರಿನ ಹುಡುಗಿ ಮೂರು ದಿನ ಸ್ಕೂಲಿಗೆ ಹೋಗಲಿಲ್ಲ. ಮೊದಲು ನೋಟೀಸ್ ಬೋರ್ಡಿಗೆ ಅಂಟಿಸುತ್ತಿರಲಿಲ್ಲವೇ ಅಂತಾರೆ. ಬೋರ್ಡು ಸಂಜೆಗೆ ಬೀಗದೊಳಗೆ ಇರ್ತಿತ್ತು, ಸ್ವಾಮಿ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆ ಇಲ್ಲ ಅಂತ ಕಾನೂನು ಜಾರಿಯಾಗಿದೆ.

ಬರಹದವನಾಗಿ ಒಂದು ಸಂತೋಷವನ್ನೂ ಹೇಳಬೇಕು. ಬಡಗ ಮಾತಿಗೆ ಸ್ವಂತ ಲಿಪಿ ಬಳಕೆಯಲ್ಲಿಲ್ಲ. ಫೋನಿನಲ್ಲಿ ಮಾತಾಡಿಯೇ ಕಳಿಸಬಹುದು, ಅಕ್ಷರ ಬಾರದ ಅಜ್ಜಿಗೂ ಸಾಕು. ನಾನು ತೆಲುಗು ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದು ಮದನಪಲ್ಲಿಯ ಗೆಳೆಯರಿಗೆ ಕಳಿಸ್ತೀನಿ. ತಡವರಿಸಿ ಓದಿ, “ಬಾಗುಂದಿ ಅನ್ನಾ” ಅಂತ ಉತ್ತರ ಹಾಕ್ತಾರೆ.

ಆದರೆ ಇದೇ ಕನ್ನಡ–ತೆಲುಗು ಗಡಿಯಲ್ಲಿ 2018ರ ಜುಲೈನಲ್ಲಿ ನಡೆದದ್ದನ್ನು ನೆನೆಯಿರಿ. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬೀದರ್ ಜಿಲ್ಲೆಗೆ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಅನ್ನೋ ಸುದ್ದಿ ಕಾರಿಗಿಂತ ಮುಂಚೆ ಮುರ್ಕಿ ಊರು ಮುಟ್ಟಿತು. ಜನ ರಸ್ತೆಗೆ ಅಡ್ಡ ಹಾಕಿ ಹೊಡೆದರು, ಒಬ್ಬ ಸತ್ತೇ ಹೋದ. ಬಂಧಿತರಲ್ಲಿ ವಾಟ್ಸಪ್ ಗುಂಪು ನಡೆಸುವವನೂ ಇದ್ದ. ಆ ತಿಂಗಳೇ ವಾಟ್ಸಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಮುಂದೆ ದಾಟಿಸುವ ಮಿತಿ ಹಾಕಿದರು. ಹಟ್ಟಿ ಕೂಟದಲ್ಲಾದರೆ ಮಾತಾಡಿದವನ ಮುಖ ಕಾಣ್ತದೆ, ಅವನ ಅಪ್ಪ ಯಾರು ಅಂತಲೂ ಗೊತ್ತಿರ್ತದೆ. ದಾಟಿ ಬಂದ ಮಾತಿಗೆ ಎರಡೂ ಇಲ್ಲ.

ಅದಕ್ಕೇ ನಮ್ಮ ಉರ್ಲಗಡ್ಡೆ ಗುಂಪಿನಲ್ಲಿ ಒಂದು ಕಟ್ಟು ಮಾಡಿದ್ದೀವಿ. ರೇಟು ಹಾಕುವವರು ಆ ದಿನದ ಹರಾಜಿನ ಚೀಟಿಯ ಫೋಟೋ ಸಮೇತ ಹಾಕಬೇಕು. ಎಲ್ಲಿಂದಲೋ ಬಂದದ್ದನ್ನು ದಾಟಿಸುವ ಹಾಗಿಲ್ಲ. ಈ ಕಟ್ಟು ಬಂದ ವಾರವೇ ಇಬ್ಬರು ದಲ್ಲಾಳಿಗಳು ಗುಂಪು ಬಿಟ್ಟು ಹೋದರು.