ನಿಮಗಿದು ಗೊತ್ತೆ? ಒಬ್ಬರ ಅನ್ನಕ್ಕೆ ನೀರಿನ ಲೆಕ್ಕವೇ ಬೇರೆ

4 ಲೋಟ ಅಕ್ಕಿಗೆ 8 ಲೋಟ ನೀರು ಸರಿಹೋಗುವ ಮನೆಯಲ್ಲೂ, ಒಬ್ಬರಿಗೆಂದು ಅರ್ಧ ಲೋಟ ಅಕ್ಕಿಗೆ 1 ಲೋಟ ನೀರಿಟ್ಟರೆ ಅನ್ನ ತಳ ಹಿಡಿಯುವುದುಂಟು. ತಪ್ಪು ಅಡುಗೆಯವರದಲ್ಲ, ಲೆಕ್ಕದ್ದು. ಅಕ್ಕಿ ಹೀರುವ ನೀರು ಅಕ್ಕಿಯ ಅಳತೆಗೆ ತಕ್ಕಷ್ಟೇ. ಆವಿಯಾಗಿ ಹೋಗುವ ನೀರು ಹಾಗಲ್ಲ. ಅದು ಪಾತ್ರೆಯ ಬಾಯಿ, ಮುಚ್ಚಳದ ಬಿಗಿ, ಉರಿ, ಬೇಯುವ ಹೊತ್ತನ್ನು ನೋಡುತ್ತದೆಯೇ ಹೊರತು ಉಣ್ಣುವವರೆಷ್ಟು ಮಂದಿ ಎಂದು ಕೇಳುವುದಿಲ್ಲ. ಅರ್ಧ ಲೋಟ ಆವಿಯಾಯಿತೆನ್ನಿ: 8 ಲೋಟದಲ್ಲಿ ಅದು 16ರಲ್ಲಿ ಒಂದು ಪಾಲು, 1 ಲೋಟದಲ್ಲಿ ಅರ್ಧಕ್ಕರ್ಧ!

ಕುಕ್ಕರಿನ ತಳಕ್ಕೆ ನೀರು ಹಾಕಿ, ಒಳಗೆ ಪುಟ್ಟ ಡಬ್ಬಿಯಲ್ಲಿ ಅಕ್ಕಿಯಿಡುವ ನಮ್ಮ ರೂಢಿ ಒಬ್ಬರಡುಗೆಗೆ ಹೇಳಿ ಮಾಡಿಸಿದಂತಿದೆ. ಆವಿಗೆ ಬೇಕಾದ ನೀರು ಬಹುಪಾಲು ತಳದಿಂದಲೇ ಹೋಗುತ್ತದೆ. ಅಕ್ಕಿಯ ಡಬ್ಬಿಯ ಮೇಲೆ ಇನ್ನೊಂದನ್ನಿಟ್ಟರೆ ಅದರಲ್ಲಿ ಒಂದು ಹಿಡಿ ತೊಗರಿಬೇಳೆಯೂ ಬೆಂದುಕೊಳ್ಳುತ್ತದೆ.